ಮೂರು ಸಲ ಹೇಳಿದ ಮಾತು

ದೊಡ್ಡ ದುರಂತವೊಂದು ನಡೆದಾಗ ಜನರು ಮೊದಲು ಕಣ್ಣೀರು ಸುರಿಸುತ್ತಾರೆ. ಬಳಿಕ ಯಾರ ತಪ್ಪು ಎಂದು ಕೇಳುತ್ತಾರೆ. ಒಂದು ಹೆಸರು ದೊರೆತೊಡನೆ ಸುಮ್ಮನಾಗುತ್ತಾರೆ. ಇದು ಲೋಕರೂಢಿ. ಆದರೆ ತಪ್ಪಿತಸ್ಥನ ಹೆಸರು ತಿಳಿದ ಮಾತ್ರಕ್ಕೆ ಮುಂದಿನ ದುರಂತ ತಪ್ಪುವುದಿಲ್ಲ. ತಪ್ಪು ಹೇಗೆ ನಡೆಯಿತು, ಅದನ್ನು ತಡೆಯಬಹುದಾಗಿದ್ದ ಕೈ ಯಾವುದು, ಆ ಕೈ ಏಕೆ ಮೇಲೇಳಲಿಲ್ಲ ಎಂದು ಕೇಳಿದರೆ ಮಾತ್ರ ಸತ್ತವರ ಸಾವಿನಿಂದ ಬದುಕಿರುವವರಿಗೆ ಏನಾದರೂ ಪಾಠ ದೊರೆತೀತು. ನಮ್ಮ ಜಿಲ್ಲೆಯಲ್ಲಿಯೇ ನಡೆದ ಒಂದು ವಿಮಾನ ದುರಂತವನ್ನು ಕುರಿತು ಈ ಪ್ರಶ್ನೆಗಳನ್ನು ಕೇಳುವುದು ಈ ಲೇಖನದ ಉದ್ದೇಶ.

2010ನೆಯ ಇಸವಿ ಮೇ 22, ಶನಿವಾರ. ಬೆಳಗ್ಗೆ ಆರು ಗಂಟೆ ದಾಟಿ ಕೆಲವೇ ನಿಮಿಷಗಳಾಗಿದ್ದುವು. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ 812ನೆಯ ಸಂಖ್ಯೆಯ ವಿಮಾನ ಬಜಪೆಯ ನಿಲ್ದಾಣದಲ್ಲಿ ಇಳಿಯಿತು, ಆದರೆ ನಿಲ್ಲಲಿಲ್ಲ. ರನ್‌ವೇಯ ಕೊನೆಯನ್ನು ದಾಟಿ, ಅಲ್ಲಿದ್ದ ಕಾಂಕ್ರೀಟು ಕಟ್ಟಣೆಗೆ ರೆಕ್ಕೆ ತಗಲಿ, ಗುಡ್ಡದ ಅಂಚಿನಿಂದ ಕೆಳಗಿನ ಕಮರಿಗೆ ಬಿದ್ದು ಉರಿದುಹೋಯಿತು. ವಿಮಾನದಲ್ಲಿ ಇದ್ದವರು 166 ಮಂದಿ. ಬದುಕಿ ಹೊರಗೆ ಬಂದವರು ಎಂಟೇ ಮಂದಿ. ಉಳಿದ 158 ಜೀವಗಳು ಕೆಲವು ನಿಮಿಷಗಳಲ್ಲಿ ಇಲ್ಲವಾದುವು. ಪ್ರಯಾಣಿಕರಲ್ಲಿ ಬಹುಪಾಲು ಜನರು ನಮ್ಮ ಕರಾವಳಿಯವರು, ಕಾಸರಗೋಡಿನ ಕಡೆಯವರು, ಕೇರಳದವರು: ಕೊಲ್ಲಿ ದೇಶಗಳಲ್ಲಿ ದುಡಿದು ಮನೆಗೆ ಹಣ ಕಳುಹಿಸುತ್ತಿದ್ದವರು, ಮದುವೆಗೋ ಮರಣಕ್ಕೋ ರಜೆ ಪಡೆದು ಬರುತ್ತಿದ್ದವರು, ಮಕ್ಕಳೊಡನೆ ಊರಿಗೆ ಮರಳುತ್ತಿದ್ದ ತಾಯಂದಿರು. ಸುಳ್ಯದಿಂದ ಬಜಪೆಗೆ ನೂರು ಕಿಲೋಮೀಟರು ದೂರವಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಅಣ್ಣಂದಿರು, ಮಾವಂದಿರು ಅದೇ ನಿಲ್ದಾಣದಿಂದ ಹಾರಿ ಹೋಗಿ ಅಲ್ಲಿಗೇ ಬಂದಿಳಿಯುತ್ತಾರೆ. ನಾಳೆ ನಾವೂ ಹೋಗಬಹುದು. ಆದುದರಿಂದ ಇದು ಪರರ ಸುದ್ದಿಯಲ್ಲ.

ವರ್ಷಗಳು ಹದಿನೈದು ದಾಟಿದುವು. ಈಗ ಆ ದುರಂತದ ಮಾತೆತ್ತಿದರೆ ಹೋಟೆಲಿನಲ್ಲಿಯೂ ಬಸ್ಸಿನಲ್ಲಿಯೂ ಕೇಳಿಬರುವ ಉತ್ತರಗಳು ಎರಡೇ. ‘ಪೈಲಟ್ ನಿದ್ದೆಹೋಗಿದ್ದನಂತೆ’ ಎಂಬುದು ಒಂದು. ‘ಗುಡ್ಡದ ತಲೆಯ ಮೇಲೆ ರನ್‌ವೇ ಮಾಡಿದರೆ ಇನ್ನೇನಾದೀತು?’ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಅರ್ಧ ಸತ್ಯಗಳು. ಅರ್ಧ ಸತ್ಯದಲ್ಲಿ ಒಂದು ಅನುಕೂಲವಿದೆ: ಅದನ್ನು ಹೇಳಿದವನಿಗೆ ಮುಂದೆ ಯೋಚಿಸುವ ಶ್ರಮವಿರುವುದಿಲ್ಲ.

ಪೂರ್ಣ ಸತ್ಯವನ್ನು ಹುಡುಕುವುದಕ್ಕಾಗಿ ಕೇಂದ್ರ ಸರಕಾರ ಏರ್ ಮಾರ್ಷಲ್ ಭೂಷಣ್ ನೀಲಕಂಠ ಗೋಖಲೆಯವರ ಮುಂದಾಳುತನದಲ್ಲಿ ಒಂದು ವಿಚಾರಣಾ ಮಂಡಳಿಯನ್ನು ನೇಮಿಸಿತು. ವಾಯುಸೇನೆಯಿಂದ ನಿವೃತ್ತರಾಗಿದ್ದ ಗೋಖಲೆಯವರು 2010ರ ಅಕ್ಟೋಬರ್ ಕೊನೆಗೆ ವರದಿಯನ್ನು ಸಿದ್ಧಪಡಿಸಿದರು. ಇಂತಹ ತನಿಖೆ ಪೋಲೀಸು ತನಿಖೆಯಂತಲ್ಲ. ವಿಮಾನ ಅಪಘಾತಗಳ ವಿಚಾರಣೆ ಮುಂದಿನ ಅಪಘಾತವನ್ನು ತಡೆಯುವುದಕ್ಕಾಗಿಯೇ ಹೊರತು ಯಾರ ಮೇಲೂ ದೋಷ ಹೊರಿಸುವುದಕ್ಕಾಗಿ ಅಲ್ಲ ಎಂಬುದು ಎಲ್ಲ ದೇಶಗಳೂ ಒಪ್ಪಿಕೊಂಡ ನಿಯಮ. ಕೋರ್ಟು ಕೇಳುವ ಪ್ರಶ್ನೆ ‘ಯಾರು?’ ಎಂಬುದು, ತನಿಖೆ ಕೇಳುವ ಪ್ರಶ್ನೆ ‘ಏಕೆ?’ ಎಂಬುದು.

ವಿಮಾನಗಳಲ್ಲಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದು ವಿಮಾನದ ವೇಗ, ಎತ್ತರ ಮೊದಲಾದುವನ್ನು ದಾಖಲಿಸುತ್ತದೆ. ಇನ್ನೊಂದು ಕಾಕ್‌ಪಿಟ್ಟಿನ ಮಾತುಗಳನ್ನು ದಾಖಲಿಸುತ್ತದೆ. ಈ ವಿಮಾನದಲ್ಲಿ ದೊರೆತ ಮಾತಿನ ದಾಖಲೆ ಎರಡು ಗಂಟೆಗಳಿಗೆ ತುಸು ಹೆಚ್ಚು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷಗಳವರೆಗೆ ಕ್ಯಾಪ್ಟನ್ ಝ್ಲಾಟ್ಕೊ ಗ್ಲುಸಿಕಾ ಅವರ ಮಾತೇ ಇಲ್ಲ. ಗೊರಕೆಯ ಸದ್ದು ಇದೆ. ಅವರು ಸೆರ್ಬಿಯಾ ದೇಶದವರು, ಹತ್ತು ಸಾವಿರ ಗಂಟೆಗಳಿಗೂ ಮೀರಿ ಹಾರಿದ ಅನುಭವಿ. ಅದೇ ಸಿಬ್ಬಂದಿ ಅದೇ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ ಮರಳುತ್ತಿತ್ತು. ನಡುರಾತ್ರಿಯಿಂದ ಮುಂಜಾವಿನವರೆಗಿನ ಹೊತ್ತು ಮನುಷ್ಯದೇಹ ಸೋಲುವ ಹೊತ್ತು. ದೀರ್ಘ ನಿದ್ದೆಯಿಂದ ಎದ್ದ ಕೂಡಲೇ ಬುದ್ಧಿ ಚುರುಕಾಗುವುದಿಲ್ಲ. ಆ ಮಂಪರು ಸ್ವಲ್ಪ ಹೊತ್ತು ತೀರ್ಮಾನಶಕ್ತಿಯನ್ನು ಕವಿದಿರುತ್ತದೆ. ವರದಿ ಇದನ್ನು ಸಹಾಯಕ ಕಾರಣವೆಂದು ಎಣಿಸಿತು.

ಇನ್ನೊಂದು ಕಾರಣವನ್ನೂ ಅದು ಹೇಳಿತು. ಮಂಗಳೂರಿನ ರಾಡಾರು ಆ ದಿನಗಳಲ್ಲಿ ಕೆಟ್ಟು ನಿಂತಿತ್ತು. ಆದುದರಿಂದ ಕೆಳಗಿಳಿಯುವ ಅಪ್ಪಣೆ ವಿಮಾನಕ್ಕೆ ಎಂದಿಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ ಸಿಕ್ಕಿತು. ಬೇಗನೆ ಇಳಿಯಬೇಕಾದ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಉಳಿಯಿತು. ರನ್‌ವೇಯ ಆರಂಭವನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟಬೇಕಾಗಿದ್ದ ವಿಮಾನ 200 ಅಡಿಯಷ್ಟು ಎತ್ತರದಲ್ಲಿ, ಅದೂ ಅತಿವೇಗದಿಂದ ದಾಟಿತು. ಎಂಟು ಸಾವಿರ ಅಡಿಗಳ ರನ್‌ವೇಯಲ್ಲಿ ಅದರ ಚಕ್ರಗಳು ನೆಲ ಮುಟ್ಟಿದುದು ಸುಮಾರು 5,200 ಅಡಿ ಕಳೆದ ಮೇಲೆ. ಆಗಲೂ ಎಲ್ಲವೂ ಮುಗಿದಿರಲಿಲ್ಲ. ಇಳಿದೊಡನೆ ಪೂರ್ಣ ಬಲದಿಂದ ಬ್ರೇಕು ಹಾಕಿ, ಎಂಜಿನುಗಳ ಹಿಮ್ಮುಖ ಒತ್ತಡವನ್ನು ಬಿಡದೆ ಇದ್ದಿದ್ದರೆ ರನ್‌ವೇಯೊಳಗೇ ವಿಮಾನವನ್ನು ನಿಲ್ಲಿಸಬಹುದಾಗಿತ್ತೆಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಕ್ಯಾಪ್ಟನ್ ಹಾಗೆ ಮಾಡದೆ ಮತ್ತೆ ಮೇಲೇರಲು ಯತ್ನಿಸಿದರು. ಅದಕ್ಕೆ ಸಾಕಷ್ಟು ನೆಲ ಉಳಿದಿರಲಿಲ್ಲ.

ವಾಚಕ ಮಿತ್ರರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾಪ್ಟನ್ನರ ಪಕ್ಕದಲ್ಲಿ ಇನ್ನೊಬ್ಬರು ಕುಳಿತಿದ್ದರಲ್ಲ, ಅವರು ಏನು ಮಾಡುತ್ತಿದ್ದರು?

ಅವರು ಸಹಪೈಲಟ್ ಎಚ್. ಎಸ್. ಅಹ್ಲುವಾಲಿಯಾ. ಮಂಗಳೂರನ್ನೇ ನೆಲೆಯಾಗಿಟ್ಟುಕೊಂಡು ಹಾರುತ್ತಿದ್ದವರು. ಈ ಗುಡ್ಡ, ಈ ರನ್‌ವೇ, ಈ ಗಾಳಿಮಳೆಗಳನ್ನು ಚೆನ್ನಾಗಿ ಬಲ್ಲವರು. ವಿಮಾನ ಸರಿಯಾಗಿ ಇಳಿಯುತ್ತಿಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು. ಇಂತಹ ಸಂದರ್ಭದಲ್ಲಿ ಮಾಡಬೇಕಾದ ಕೆಲಸವೂ ಸರಳವಾದುದು: ಇಳಿಯುವ ಯತ್ನವನ್ನು ಬಿಟ್ಟು ಮೇಲೆದ್ದು, ಇನ್ನೊಂದು ಸುತ್ತು ಬಂದು, ಸಾವಧಾನವಾಗಿ ಇಳಿಯುವುದು. ಪೈಲಟರ ಭಾಷೆಯಲ್ಲಿ ಅದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಅಹ್ಲುವಾಲಿಯಾ ಆ ಮಾತನ್ನು ಒಂದು ಸಲವಲ್ಲ, ಎರಡು ಸಲವಲ್ಲ, ಮೂರು ಸಲ ಹೇಳಿದರು. ಅವರೊಡನೆ ಯಂತ್ರವೂ ಕೂಗಿತು. ನೆಲ ಸಮೀಪಿಸುತ್ತಿದೆ, ಮೇಲೇಳು ಎಂಬ ಎಚ್ಚರಿಕೆ ಮತ್ತೆ ಮತ್ತೆ ಮೊಳಗಿತು. ವಿಮಾನ ಇಳಿಯುತ್ತಲೇ ಇತ್ತು. ಕೊನೆಗೆ, ಇನ್ನು ರನ್‌ವೇ ಉಳಿದಿಲ್ಲ ಎಂಬರ್ಥದ ಮಾತೂ ಅದೇ ಬಾಯಿಂದ ಬಂತು.

ಸರಿಯಾದ ಮಾತು, ಸರಿಯಾದ ಹೊತ್ತಿನಲ್ಲಿ, ಬಲ್ಲವನ ಬಾಯಿಂದ ಬಂದಿತ್ತು. ಆದರೂ 158 ಮಂದಿ ಸತ್ತರು. ಇಡೀ ವರದಿಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ ಸಂಗತಿ ಇದು. ನಿದ್ದೆಗಿಂತಲೂ, ರಾಡಾರಿಗಿಂತಲೂ, ಗುಡ್ಡಕ್ಕಿಂತಲೂ ನಾವು ಯೋಚಿಸಬೇಕಾದ ವಿಷಯ ಇದೇ ಎಂಬುದು ನನ್ನ ಅಭಿಪ್ರಾಯ.

ಮಂಡಳಿಯು ದುರಂತದ ನೇರ ಕಾರಣವನ್ನು ಹೇಳುವಾಗ ನಿದ್ದೆಯ ಮಾತನ್ನು ಮುಂದಿಡಲಿಲ್ಲ. ಸಹಪೈಲಟರು ಮೂರು ಸಲ ಹೇಳಿದರೂ, ಯಂತ್ರ ಎಚ್ಚರಿಸಿದರೂ, ಕ್ಯಾಪ್ಟನ್ ಇಳಿಯುವ ಯತ್ನವನ್ನು ಕೈಬಿಡದೆ ಹಟ ಹಿಡಿದುದೇ ನೇರ ಕಾರಣ ಎಂದಿತು. ಇನ್ನೂ ಮುಂದೆ ಹೋಗಿ ಇನ್ನೊಂದು ಪ್ರಶ್ನೆಯನ್ನು ಕೇಳಿತು: ಹೇಳಿದಾತನೇ ಏಕೆ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ? ಅವರ ಮುಂದೆಯೂ ಅದೇ ಹಿಡಿಕೆಗಳಿದ್ದುವು. ಇದಕ್ಕೆ ಮಂಡಳಿ ಕೊಟ್ಟ ಉತ್ತರ ಗಮನಾರ್ಹವಾದುದು. ಸಹಪೈಲಟನು ತಾನಾಗಿಯೇ ವಿಮಾನವನ್ನು ಮೇಲೆತ್ತಬಹುದೇ, ಬಾರದೇ ಎಂಬ ವಿಷಯದಲ್ಲಿ ನಿಯಮಗಳು ಸ್ಪಷ್ಟವಾಗಿರಲಿಲ್ಲ. ಬಹುಶಃ ಆ ಕಾರಣದಿಂದ ಅವರು ಹೇಳಿದರೇ ಹೊರತು ಮಾಡಲಿಲ್ಲ ಎಂದಿತು. ಅಂದರೆ ಬಾಯಿಗೆ ಅಧಿಕಾರವಿತ್ತು, ಕೈಗೆ ಅಧಿಕಾರವಿತ್ತೋ ಇಲ್ಲವೋ ತಿಳಿಯದು.

ಈ ರೋಗ ಮಂಗಳೂರಿನಲ್ಲಿ ಮೊದಲು ಕಂಡುದಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಅಲ್ಲಿ ಡಚ್ ವಿಮಾನದ ಎಂಜಿನಿಯರನು, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೋ ಏನೋ ಎಂದು ಸಂಶಯಪಟ್ಟು ಕೇಳಿದ್ದನು. ಬಹಳ ಹೆಸರುವಾಸಿಯಾಗಿದ್ದ ಕ್ಯಾಪ್ಟನ್ ಆ ಸಂಶಯವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿ ವಿಮಾನವನ್ನು ಓಡಿಸಿದನು. ಕಿರಿಯನು ಮತ್ತೊಮ್ಮೆ ಬಾಯಿ ತೆರೆಯಲಿಲ್ಲ. ಅಂದಿನಿಂದ ವೈಮಾನಿಕ ಜಗತ್ತು ಒಂದು ಹೊಸ ವಿದ್ಯೆಯನ್ನು ಕಲಿಯತೊಡಗಿತು. ಕಿರಿಯನು ಹೇಗೆ ಹೇಳಬೇಕು, ಹಿರಿಯನು ಹೇಗೆ ಕೇಳಬೇಕು, ಕೇಳದಿದ್ದರೆ ಮುಂದೇನು ಎಂಬುದನ್ನು ಪಾಠವಾಗಿ ಕಲಿಸುವ ವಿದ್ಯೆ ಅದು. ಯಂತ್ರಗಳು ಎಷ್ಟು ಸುಧಾರಿಸಿದರೂ ಮನುಷ್ಯ ಮನುಷ್ಯನ ಮಾತನ್ನು ಕೇಳದಿದ್ದರೆ ಪ್ರಯೋಜನವಿಲ್ಲವೆಂದು ಅವರಿಗೆ ತಿಳಿಯಿತು.

ಈ ವಿದ್ಯೆ ನಮಗೆ ಸುಲಭವಾಗಿ ಬರುವಂಥದಲ್ಲ. ಏಕೆಂದರೆ ನಾವು ಬೆಳೆದ ಮನೆಯಲ್ಲಿ ಅದರ ತದ್ವಿರುದ್ಧವನ್ನು ಕಲಿತಿದ್ದೇವೆ. ‘ದೊಡ್ಡವರಿಗೆ ಎದುರು ಮಾತಾಡಬಾರದು’ ಎಂಬುದು ನಮ್ಮ ಮೊದಲ ಪಾಠ. ಯಜಮಾನರು ಅಡಿಕೆ ಮಾರುವ ವಿಷಯದಲ್ಲಿ ತಪ್ಪು ತೀರ್ಮಾನ ಮಾಡುತ್ತಿದ್ದರೂ, ಲೆಕ್ಕ ಬಲ್ಲ ಸೊಸೆ ಅಡುಗೆಮನೆಯ ಬಾಗಿಲ ಹಿಂದೆ ಸುಮ್ಮನೆ ನಿಲ್ಲುತ್ತಾಳೆ. ಕಚೇರಿಗಳಲ್ಲಿ, ಫೈಲಿನಲ್ಲಿ ತಪ್ಪಿದೆಯೆಂದು ಬಲ್ಲ ಗುಮಾಸ್ತನು ಅದನ್ನು ಹೇಳದೆ ಮೇಲಕ್ಕೆ ಕಳುಹಿಸುತ್ತಾನೆ. ‘ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ನಿಲ್ಲಬಾರದು’ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಇನ್ನು ತರಗತಿಯ ಮಾತೇನು? ಕರಿಹಲಗೆಯ ಮೇಲೆ ಒಂದು ಇಸವಿ ತಪ್ಪಾಗಿ ಬಿದ್ದರೆ ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಎಲ್ಲರೂ ಅದನ್ನು ಕಾಣುತ್ತಾರೆ. ಎಲ್ಲರೂ ಅದನ್ನೇ ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಹೀಗೆ ಇಪ್ಪತ್ತು ವರ್ಷ ಸುಮ್ಮನಿರುವುದನ್ನು ಅಭ್ಯಾಸ ಮಾಡಿದವನು ಇಪ್ಪತ್ತೊಂದನೆಯ ವರ್ಷದಲ್ಲಿ ಕಾಕ್‌ಪಿಟ್ಟಿನಲ್ಲಿ ಕುಳಿತ ಮಾತ್ರಕ್ಕೆ ಒಮ್ಮೆಲೇ ಧೀರನಾಗುತ್ತಾನೆಯೇ? ಅಹ್ಲುವಾಲಿಯಾ ಮೂರು ಸಲ ಹೇಳಿದರೆಂಬುದೇ ಅವರ ಧೈರ್ಯಕ್ಕೆ ಸಾಕ್ಷಿ. ನಮ್ಮಲ್ಲಿ ಅನೇಕರು ಒಂದು ಸಲವಾದರೂ ಹೇಳುತ್ತಿದ್ದೆವೋ ಇಲ್ಲವೋ!

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನೆತ್ತಬಹುದು. ‘ಎಲ್ಲರೂ ಮಾತಾಡತೊಡಗಿದರೆ ಶಿಸ್ತು ಎಲ್ಲಿ ಉಳಿಯಿತು? ಒಂದು ದೋಣಿಗೆ ಇಬ್ಬರು ಅಂಬಿಗರಾದರೆ ದೋಣಿ ದಡ ಸೇರೀತೇ?’ ಎಂದು ಕೇಳಬಹುದು. ಆಕ್ಷೇಪ ತೂಕವಾದುದೇ. ಆದರೆ ಶಿಸ್ತು ಬೇರೆ, ಮೌನ ಬೇರೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಬಸ್ಸು ಹಿಂದಕ್ಕೆ ಸರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಸ್ಟಿಯರಿಂಗು ಡ್ರೈವರನ ಕೈಯಲ್ಲಿದೆ. ಹಿಂದೆ ನಿಂತ ಕಂಡಕ್ಟರು ‘ರೈಟ್, ರೈಟ್’ ಎನ್ನುತ್ತ ಇದ್ದಕ್ಕಿದ್ದಂತೆ ವಿಸಿಲ್ ಊದಿ ‘ಹೋಲ್ಡಾನ್’ ಎಂದರೆ ಡ್ರೈವರನು ಒಡನೆ ಬ್ರೇಕು ಒತ್ತುತ್ತಾನೆ. ಸರ್ವಿಸಿನಲ್ಲಿ ಯಾರು ಹಿರಿಯರು ಎಂದು ಆಗ ಯಾರೂ ಕೇಳುವುದಿಲ್ಲ. ‘ನನಗೆ ಮೂವತ್ತು ವರ್ಷದ ಅನುಭವವಿದೆ, ನೀನು ಸುಮ್ಮನಿರು’ ಎಂದು ಆ ಡ್ರೈವರನು ಹೇಳಿದರೆ ಬಸ್ಸು ಕಣಿವೆಯಲ್ಲಿರುತ್ತದೆ. ಅಲ್ಲಿ ನಿಲ್ಲಿಸು ಎಂಬ ಮಾತಿಗೆ ಓಡಿಸು ಎಂಬ ಮಾತಿಗಿಂತ ಹೆಚ್ಚಿನ ಬೆಲೆಯಿದೆ. ಇದರಿಂದ ಶಿಸ್ತು ಕೆಟ್ಟಿತೇ? ಇಲ್ಲ, ಇದೇ ಶಿಸ್ತು. ಕಾಕ್‌ಪಿಟ್ಟಿಗೆ ಬೇಕಾದುದೂ ಇಷ್ಟೇ: ಇಬ್ಬರಲ್ಲಿ ಒಬ್ಬನಿಗೆ ಅಪಾಯ ಕಂಡರೆ ಸಾಕು, ಇಬ್ಬರೂ ನಿಲ್ಲಬೇಕು.

ಎದುರು ಮಾತಾಡುವ ಸಂಪ್ರದಾಯ ನಮ್ಮಲ್ಲಿ ಇಲ್ಲವೇ ಇಲ್ಲವೆಂದೂ ತಿಳಿಯಬೇಕಾಗಿಲ್ಲ. ನಮ್ಮ ಸುಳ್ಯ ಪುತ್ತೂರು ಸೀಮೆ ತಾಳಮದ್ದಳೆಯ ಸೀಮೆ. ‘ಅಂಗದ ಸಂಧಾನ’ ನಡೆಯುವ ರಾತ್ರಿ ರಾವಣನ ಅರ್ಥ ಹೇಳುವವರು ಹೆಸರಾಂತ ಹಿರಿಯರಾಗಿರಬಹುದು. ಅಂಗದನಾಗಿ ಕುಳಿತವನು ನಿನ್ನೆ ಮೊನ್ನೆ ಕಲಿತ ಹುಡುಗನಾಗಿರಬಹುದು. ಆದರೆ ಅಂಗದನು ಮಾತಿಗೆ ಮಾತು ಕೊಡಲೇಬೇಕು. ಕೊಡದಿದ್ದರೆ ಕೂಟ ಕೆಟ್ಟಿತೆಂದು ಹಿರಿಯರೇ ಬೇಸರಪಡುತ್ತಾರೆ. ಒಳ್ಳೆಯ ಪ್ರಶ್ನೆ ಬಂದರೆ ಅವರೇ ತಲೆದೂಗುತ್ತಾರೆ. ಕೂಟ ಮುಗಿದ ಮೇಲೆ ಆ ಹುಡುಗನು ಅವರ ಕಾಲಿಗೆರಗುತ್ತಾನೆ. ಗೌರವಕ್ಕೂ ಪ್ರಶ್ನೆಗೂ ವೈರವಿಲ್ಲವೆಂಬುದನ್ನು ನಮ್ಮ ಅಜ್ಜಂದಿರು ಚಾಪೆಯ ಮೇಲೆ ಕುಳಿತೇ ಕಂಡುಕೊಂಡಿದ್ದರು. ಆ ಚಾಪೆಯ ನ್ಯಾಯವನ್ನು ಮನೆಗೂ ತರಗತಿಗೂ ಕಚೇರಿಗೂ ತರಲು ಮಾತ್ರ ನಾವು ಮರೆತೆವು.

ಈಗ ಒಂದು ಕಹಿಯಾದ ಸಂಗತಿಯನ್ನು ಹೇಳಬೇಕಾಗಿದೆ. ಮಂಗಳೂರಿನ ವರದಿಯಿಂದ ನಾವು ಕಲಿತೆವೇ? 2020ರ ಆಗಸ್ಟ್ 7ರ ರಾತ್ರಿ, ಅದೇ ಸಂಸ್ಥೆಯ, ದುಬೈಯಿಂದಲೇ ಹೊರಟ ಇನ್ನೊಂದು ವಿಮಾನ ಕೋಝಿಕ್ಕೋಡಿನ ಕರಿಪುರದಲ್ಲಿ, ಅಂಥದೇ ಗುಡ್ಡದ ತಲೆಯ ರನ್‌ವೇಯ ಮೇಲೆ ಮಳೆಯಲ್ಲಿ ಇಳಿಯಿತು. 8,858 ಅಡಿಗಳ ರನ್‌ವೇಯಲ್ಲಿ 4,438 ಅಡಿ ಕಳೆದ ಮೇಲೆ ಅದರ ಚಕ್ರಗಳು ನೆಲ ಮುಟ್ಟಿದುವು. ವಿಮಾನ ಅಂಚು ದಾಟಿ ಬಿದ್ದು ತುಂಡಾಯಿತು. ಇದ್ದ 190 ಮಂದಿಯಲ್ಲಿ 21 ಮಂದಿ ಸತ್ತರು. ಇಬ್ಬರು ಪೈಲಟರೂ ಅವರಲ್ಲಿ ಸೇರಿದ್ದರು. 2021ರಲ್ಲಿ ಹೊರಬಂದ ವರದಿಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿಯೂ ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು. ಅಲ್ಲಿಯೂ ಆ ಮಾತು ನಡೆಯಲಿಲ್ಲ. ಅಲ್ಲಿಯೂ ಹೇಳಿದ ಬಾಯಿಯ ಜೊತೆಗೆ ಕೈ ಏಳಲಿಲ್ಲ. ಕರಿಪುರದ ರನ್‌ವೇ ಮಳೆಗಾಲದಲ್ಲಿ ಅಪಾಯಕಾರಿಯೆಂದು ಕ್ಯಾಪ್ಟನ್ ಮೋಹನ್ ರಂಗನಾಥನ್ ಎಂಬ ವೈಮಾನಿಕ ತಜ್ಞರು 2011ರಲ್ಲಿಯೇ ಬರೆದು ಎಚ್ಚರಿಸಿದ್ದರು. ಕಾಕ್‌ಪಿಟ್ಟಿನ ಒಳಗೂ ಹೊರಗೂ ಕೇಳದ ಕಿವಿಯದೇ ಕಥೆ.

ಕಾಂಕ್ರೀಟು ಕಟ್ಟಣೆಯ ವಿಷಯವೂ ಹಾಗೆಯೇ. ಬಜಪೆಯಲ್ಲಿ ವಿಮಾನದ ರೆಕ್ಕೆ ಬಡಿದುದು ದಾರಿ ತೋರಿಸುವ ಆಂಟೆನಾಗಳನ್ನು ಹೊತ್ತ ಕಾಂಕ್ರೀಟಿಗೆ. ಅಂಥ ಜಾಗದಲ್ಲಿ ಇರುವ ವಸ್ತು ವಿಮಾನ ತಗಲಿದರೆ ಮುರಿದು ಬೀಳುವಂತಿರಬೇಕು ಎಂಬುದು ಆ ಶಾಸ್ತ್ರದ ಮೂಲಪಾಠ. ಆದರೂ 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್ ಎಂಬಲ್ಲಿ ಜೇಜು ಏರ್ ವಿಮಾನವು ರನ್‌ವೇ ದಾಟಿ ಅಂಥದೇ ಆಂಟೆನಾಗಳ ಕಾಂಕ್ರೀಟು ದಿಬ್ಬಕ್ಕೆ ಬಡಿದು 179 ಮಂದಿ ಸತ್ತರು. ಒಂದು ಊರಿನ ವರದಿಯನ್ನು ಇನ್ನೊಂದು ಊರು ಓದದಿದ್ದರೆ ಎರಡು ಊರುಗಳಲ್ಲಿಯೂ ಒಂದೇ ಪಾಠಕ್ಕೆ ಜೀವಗಳನ್ನು ತೆರಬೇಕಾಗುತ್ತದೆ.

ಹಾಗೆಂದು ಏನೂ ಆಗಿಲ್ಲವೆನ್ನುವುದು ನ್ಯಾಯವಲ್ಲ. ಗೋಖಲೆ ಮಂಡಳಿ ಸ್ವತಂತ್ರವಾದ ತನಿಖಾ ಸಂಸ್ಥೆಯೊಂದು ಬೇಕೆಂದು ಹೇಳಿತು. 2012ರಲ್ಲಿ ವಿಮಾನ ಅಪಘಾತಗಳ ತನಿಖೆಗಾಗಿಯೇ ಪ್ರತ್ಯೇಕ ಬ್ಯೂರೋ ಸ್ಥಾಪನೆಯಾಯಿತು. ಅದು ಇನ್ನೂ ವಿಮಾನಯಾನ ಸಚಿವಾಲಯದ ನೆರಳಿನಲ್ಲಿಯೇ ಇದೆಯೆಂಬ ಕೊರತೆ ಬೇರೆ. ಇಳಿಯುವುದನ್ನು ಬಿಟ್ಟು ಮೇಲೆದ್ದ ಪೈಲಟನನ್ನು ಅದಕ್ಕಾಗಿ ದಂಡಿಸಬಾರದೆಂಬ ನೀತಿಯನ್ನು ವೈಮಾನಿಕ ಜಗತ್ತು ಒಪ್ಪಿಕೊಂಡಿದೆ. ಆದರೆ ನಿಯಮವನ್ನು ದೆಹಲಿಯಲ್ಲಿ ಬರೆಯಬಹುದು. ಸ್ವಭಾವವನ್ನು ಅಲ್ಲಿ ಬರೆಯಲಾಗುವುದಿಲ್ಲ. ಅದು ಮನೆಯಲ್ಲಿ, ಶಾಲೆಯಲ್ಲಿ, ಕಾಲೇಜಿನಲ್ಲಿ ಮೂಡಬೇಕಾದುದು.

ಆದುದರಿಂದ ನಮ್ಮ ಕಾಲೇಜಿನ ಮಟ್ಟಿಗೆ ಎರಡು ಸಣ್ಣ ಸೂಚನೆಗಳನ್ನು ಮುಂದಿಡುತ್ತೇನೆ. ಒಂದು: ಈ ವರದಿಯ ಸಾರವನ್ನು ಕನ್ನಡಕ್ಕೆ ತಂದು ನಮ್ಮ ಗ್ರಂಥಾಲಯದಲ್ಲಿ ಇಡಬೇಕು. ನಮ್ಮ ಜನ ಸತ್ತ ಕಥೆ ನಮ್ಮ ಭಾಷೆಯಲ್ಲಿ ಇರದಿದ್ದರೆ ಹೇಗೆ? ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳ ವಿದ್ಯಾರ್ಥಿಗಳು ಸೇರಿ ಮಾಡಬಹುದಾದ ಕೆಲಸ ಇದು. ಎರಡು: ಪ್ರತಿ ಪಾಠದ ಕೊನೆಯ ಐದು ನಿಮಿಷಗಳನ್ನು ‘ಇಂದು ನಾನು ಹೇಳಿದುದರಲ್ಲಿ ತಪ್ಪೇನಾದರೂ ಕಂಡಿತೇ?’ ಎಂಬ ಒಂದು ಪ್ರಶ್ನೆಗಾಗಿ ಮೀಸಲಿಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಯಪೂರ್ವಕವಾಗಿ ಬೇಡುತ್ತೇನೆ. ಮೊದಲ ಕೆಲವು ದಿನ ಯಾರೂ ಏಳಲಾರರು. ಒಂದು ದಿನ ಒಬ್ಬಳು ಎದ್ದಾಳು. ಅವಳು ಹೇಳಿದುದು ತಪ್ಪೇ ಆಗಿದ್ದರೂ ನಗದೆ ಕೇಳುವ ಹೊಣೆ ಗುರುಗಳಿಗೆ ಎಷ್ಟೋ ನಮಗೂ ಅಷ್ಟೇ ಇದೆ. ಎದ್ದು ನಿಂತವಳನ್ನು ನೋಡಿ ಮೊದಲು ನಗುವವರು ನಾವೇ, ಹಿಂದಿನ ಬೆಂಚಿನವರು, ಎಂಬುದನ್ನು ಮರೆಯಬಾರದು.

ಮಂಗಳೂರಿನ ಕೂಳೂರಿನಲ್ಲಿ ಫಲ್ಗುಣಿ ನದಿಯ ಬಳಿ ಒಂದು ಸ್ಮಾರಕವಿದೆ. ಗುರುತು ಹಿಡಿಯಲಾಗದೆ ಉಳಿದ ಹನ್ನೆರಡು ಶವಗಳನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಅವರು ಯಾವ ಜಾತಿಯವರು, ಯಾವ ಮತದವರು ಎಂದು ಕೇಳದೆ ಎಲ್ಲರ ಪ್ರಾರ್ಥನೆಗಳೊಡನೆ ಮಣ್ಣು ಕೊಟ್ಟರು. ಪ್ರತಿ ವರ್ಷ ಮೇ 22ರಂದು ಅಲ್ಲಿ ಹೂವಿಡುತ್ತಾರೆ. ಅದು ಆಗಬೇಕಾದುದೇ. ಆದರೆ ಅವರ ಋಣ ಹೂವಿನಿಂದ ಮಾತ್ರ ತೀರುವುದಿಲ್ಲ. ಹಿರಿಯನಾದವನು ಕಿರಿಯನ ಎಚ್ಚರಿಕೆಯನ್ನು ಮೊದಲ ಸಲವೇ ಕೇಳಿಸಿಕೊಳ್ಳುವ ನಾಡೊಂದನ್ನು ಕಟ್ಟಿದರೆ, ಮೂರನೆಯ ಸಲ ಹೇಳುವ ಅಗತ್ಯವೇ ಬೀಳದಂತೆ ನಾವು ಬದುಕಿದರೆ, ಆಗ ಆ ಋಣದಲ್ಲಿ ಒಂದಿಷ್ಟಾದರೂ ತೀರೀತು.